ಆಟದ ಅವಧಿಯೂ ವಿಜ್ಞಾನದ ಪಾಠವೇ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ರಕ್ತದೊತ್ತಡದ ಮಾತು ಎರಡು ಕಡೆ ಬರುತ್ತದೆ. ‘ಜೀವಕ್ರಿಯೆಗಳು’ ಘಟಕದಲ್ಲಿ ಅದು ಹೃದಯ, ಅಪಧಮನಿಗಳ ಜೊತೆಗೆ 120/80 ಎಂಬ ಅಂಕಿಯಾಗಿ ಬರುತ್ತದೆ. ‘ನಿಯಂತ್ರಣ ಮತ್ತು ಸಹಭಾಗಿತ್ವ’ ಘಟಕದಲ್ಲಿ ಹಿಮ್ಮೆದುಳಿನ ಮೆಡುಲ್ಲಾ ನಿಯಂತ್ರಿಸುವ ಅನೈಚ್ಛಿಕ ಕ್ರಿಯೆಗಳಲ್ಲಿ ಒಂದಾಗಿ ಬರುತ್ತದೆ. ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳು ಎರಡನ್ನೂ ಚೆನ್ನಾಗಿಯೇ ಪಾಠ ಮಾಡುತ್ತಾರೆ. ಚಾರ್ಟು ತೂಗುಹಾಕುತ್ತಾರೆ, ಹೃದಯದ ಮಾದರಿ ತೋರಿಸುತ್ತಾರೆ. ಆದರೆ ಈ ಎರಡೂ ಘಟಕಗಳು ಮಗುವಿನ ಮೈಯಲ್ಲೇ ಒಂದಾಗಿ ಕಾಣಿಸುವುದು ಆಟದ ಮೈದಾನದಲ್ಲಿ. ಪಾಠ ಮುಗಿಯದಿದ್ದಾಗ ನಾವು ಮೊದಲು ಕೇಳಿ ಪಡೆಯುವುದು ಮಾತ್ರ ದೈಹಿಕ ಶಿಕ್ಷಣದ ಅವಧಿಯನ್ನೇ. ಈ ರೂಢಿ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ವ್ಯಾಯಾಮದಿಂದ ಮೈ ಕರಗುತ್ತದೆ, ಮೈ ಕರಗಿದರೆ ಬಿಪಿ ಇಳಿಯುತ್ತದೆ ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ತೂಕ ಇಳಿದರೆ ಒತ್ತಡ ಇಳಿಯುವುದು ನಿಜ. ಆದರೆ ತೂಕ ಇಳಿಯದಿದ್ದರೂ ನಿತ್ಯ ನಡೆಯುವವರಲ್ಲಿ ಒತ್ತಡ ಇಳಿಯಬಲ್ಲದು. ಅದರಲ್ಲಿ ನರಗಳ ಪಾಲು ದೊಡ್ಡದು. ಚಕ್ಕಡಿಯ ಎತ್ತಿಗೆ ಬಾರುಕೋಲು ಮತ್ತು ಮೂಗುದಾರ ಇದ್ದ ಹಾಗೆ ಹೃದಯಕ್ಕೂ ಎರಡು ಬಗೆಯ ನರಗಳ ಹತೋಟಿ ಇದೆ. ಒಂದು ಬಗೆಯವು ಬಡಿತ ಹೆಚ್ಚಿಸಿ ರಕ್ತನಾಳಗಳನ್ನು ಬಿಗಿಯುತ್ತವೆ. ಇನ್ನೊಂದು ಬಗೆಯದಾದ ವೇಗಸ್ ನರ ಬಡಿತವನ್ನು ತಗ್ಗಿಸುತ್ತದೆ. ಕುತ್ತಿಗೆಯ ಅಪಧಮನಿ ಮತ್ತು ಮಹಾಪಧಮನಿಯ ಗೋಡೆಯಲ್ಲಿರುವ ಒತ್ತಡಗ್ರಾಹಕಗಳು ಕ್ಷಣಕ್ಷಣದ ಸುದ್ದಿಯನ್ನು ಮೆಡುಲ್ಲಾಗೆ ಮುಟ್ಟಿಸುತ್ತಿರುತ್ತವೆ.

ಓಡುವಾಗ ಒತ್ತಡ ಏರುತ್ತದೆ. ನಿಂತ ಮೇಲೆ ಇಳಿಯುತ್ತದೆ. ಬಿಪಿ ಇರುವವರಲ್ಲಿ ಕೆಲವು ತಾಸು ಮೊದಲಿಗಿಂತ ಕೆಳಗೇ ಇರುತ್ತದೆ. ಇದು ವಾರಗಟ್ಟಲೆ ತಪ್ಪದೆ ನಡೆದರೆ ಬಾರುಕೋಲಿನ ಏಟು ಕಡಿಮೆಯಾಗುತ್ತದೆ, ಗ್ರಾಹಕಗಳು ಚುರುಕಾಗುತ್ತವೆ, ನಾಳಗಳ ಬಿಗಿ ಸಡಿಲುತ್ತದೆ. ಅಧಿಕ ರಕ್ತದೊತ್ತಡ ಇರುವವರಲ್ಲಿ ಮೇಲಿನ ಅಂಕಿ ಸರಾಸರಿ 5ರಿಂದ 8 ಮಿ.ಮೀ.ನಷ್ಟು ತಗ್ಗುತ್ತದೆ. ಬಿಟ್ಟರೆ ಈ ಲಾಭ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಭೀಮಸೇನ ಜೋಶಿಯವರು ಕಲಿತ ಜಿಲ್ಲೆ ನಮ್ಮದು. ರಿಯಾಜು ತಪ್ಪಿದ ಕಂಠದ ಗತಿ ಏನೆಂದು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ನರಗಳಿಗೂ ಅದೇ ಮಾತು.

“ದಿನಾ ಹೊಲದಾಗ ದುಡೀತೀವಲ್ರಿ, ಮತ್ತ್ಯಾತರ ವ್ಯಾಯಾಮ?” ಎಂದು ಪಾಲಕರು ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ಆದರೆ ನವಲಗುಂದ, ಅಣ್ಣಿಗೇರಿಯ ಎರಿಹೊಲದ ದುಡಿಮೆ ಹಂಗಾಮಿಗೆ ಕಟ್ಟಿದ್ದು. ಹೆಸರು ಬಿತ್ತುವಾಗ, ಕಳೆ ತೆಗೆಯುವಾಗ, ಹಿಂಗಾರಿಯ ಕಡಲೆ-ಜೋಳದ ಬಿತ್ತಿಗೆಯಲ್ಲಿ, ಸುಗ್ಗಿಯಲ್ಲಿ ಮೈಮುರಿ ಕೆಲಸ. ಸುಗ್ಗಿ ಮುಗಿದರೆ ಬೇಸಿಗೆಯಲ್ಲಿ ಕಟ್ಟೆಯ ಮೇಲೆ ಕೂತ ದಿನಗಳು. ಟ್ರ್ಯಾಕ್ಟರು, ಬೈಕು ಬಂದ ಮೇಲೆ ಹೊಲಕ್ಕೆ ನಡೆದು ಹೋಗುವುದೂ ಕಡಿಮೆಯಾಗಿದೆ. ಬಗ್ಗಿ ಕಳೆ ತೆಗೆಯುವುದರಲ್ಲಿ ದಣಿವು ಬೇಕಾದಷ್ಟಿದೆ, ವರ್ಷವಿಡೀ ನಡೆಯುವ ಕ್ರಮ ಇಲ್ಲ. ಅದರ ಮೇಲೆ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಬಾಯಿಗೆ ತಂಬಾಕು, ತಲೆಯ ತುಂಬ ಸಾಲದ ಚಿಂತೆ. ದುಡಿಯುವವರಿಗೂ ಬಿಪಿ ಬರುತ್ತದೆ, ಬಹಳ ಸಲ ಯಾವ ಲಕ್ಷಣವೂ ಇಲ್ಲದೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕಾದ ನಡಿಗೆಯಂಥ ಚಟುವಟಿಕೆ, ಅಂದರೆ ಐದು ದಿನ ಅರ್ಧ ಗಂಟೆ. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ.

ಈ ಮಾತು ಮನೆ ಮುಟ್ಟುವುದು ಮಕ್ಕಳ ಮೂಲಕವೇ. ಅದಕ್ಕಾಗಿ ಒಂದು ಪಾಠ ಯೋಜನೆಯನ್ನು ಸೂಚಿಸುತ್ತೇನೆ. ದೈಹಿಕ ಶಿಕ್ಷಕರೊಂದಿಗೆ ಕೂಡಿ, ಅವರ ಅವಧಿಯಲ್ಲೇ, ಮೈದಾನದಲ್ಲೇ ಇದನ್ನು ನಡೆಸಬಹುದು. ಮಕ್ಕಳು ಕೂತು ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಲಿ. ಎರಡು ನಿಮಿಷ ಓಡಲಿ, ಮತ್ತೆ ಎಣಿಸಲಿ. ಆಮೇಲೆ ಮೊದಲಿನ ಅಂಕಿಗೆ ಬರುವವರೆಗೆ ನಿಮಿಷಕ್ಕೊಮ್ಮೆ ಬರೆದುಕೊಳ್ಳಲಿ. ಹೃದಯದ ತೊಂದರೆ, ದಮ್ಮು ಇರುವ ಮಕ್ಕಳು ಗಡಿಯಾರ ನೋಡುವ ಕೆಲಸ ಮಾಡಲಿ. ನಾಡಿಯ ಎಣಿಕೆ ರಕ್ತದೊತ್ತಡ ಅಲ್ಲ ಎಂಬುದನ್ನು ಅಲ್ಲೇ ತಿಳಿಸಬೇಕು. ಆದರೆ ಏರಿದ ಬಡಿತವನ್ನು ಯಾರೂ ಹೇಳದೆಯೇ ಇಳಿಸಿದವರು ಯಾರು ಎಂದು ಕೇಳಿದರೆ, ಮೆಡುಲ್ಲಾ ಮತ್ತು ವೇಗಸ್ ನರದ ಪಾಠ ತಾನೇ ಶುರುವಾಗುತ್ತದೆ. ಆ ಅಂಕಿಗಳೇ ಮರುದಿನ ಗಣಿತದಲ್ಲಿ ನಕ್ಷೆಯಾಗಲಿ.

ಎಚ್ಚರ ಒಂದಿದೆ. ನಡೆದರೆ ಸಾಕು, ಗುಳಿಗೆ ಬೇಡ ಎಂಬ ಸುದ್ದಿ ಮಕ್ಕಳ ಬಾಯಿಂದ ಮನೆಗೆ ಹೋಗಬಾರದು. ವ್ಯಾಯಾಮ ಔಷಧದ ಜೊತೆಗಾರ. ಗುಳಿಗೆ ಕಡಿಮೆ ಮಾಡುವುದು, ಬಿಡುವುದು ವೈದ್ಯರ ಮಾತು. ಒತ್ತಡ ತೀರಾ ಹೆಚ್ಚಿರುವವರು, ನಡೆದಾಗ ಎದೆನೋವು ಬರುವವರು ಮೊದಲು ಆಸ್ಪತ್ರೆಗೆ ಹೋಗಬೇಕು. ಮಗು ಮನೆಯಲ್ಲಿ ಹೇಳಬೇಕಾದ ಮೊದಲ ಮಾತು ‘ನಡೀರಿ’ ಅಲ್ಲ, ‘ಒಮ್ಮೆ ಬಿಪಿ ನೋಡಿಸ್ಕೋರಿ’.

ಪರೀಕ್ಷೆಯ ಫಲಿತಾಂಶದ ಒತ್ತಡ ಶಾಲೆಗಳ ಮೇಲಿದೆ, ನಮ್ಮ ಪ್ರಶಿಕ್ಷಣಾರ್ಥಿಗಳು ಅಲ್ಲಿ ಕೆಲವು ವಾರದ ಅತಿಥಿಗಳು, ವೇಳಾಪಟ್ಟಿ ಅವರ ಕೈಯಲ್ಲಿಲ್ಲ ಎಂಬುದು ಗೊತ್ತಿದೆ. ಆದರೂ ಶಾಲಾ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ, ವಾರದಲ್ಲಿ ಇರುವ ಕೆಲವೇ ಅವಧಿಗಳನ್ನೂ ನಾವು ಕೇಳಿ ಪಡೆಯಬಾರದು. ‘ಸರ್, ನಿಮ್ಮ ಪಿರಿಯಡ್ ಕೊಡ್ರಿ’ ಎನ್ನುವ ಬದಲು ‘ಸರ್, ನಿಮ್ಮ ಪಿರಿಯಡ್‌ನಾಗ ನಾನೂ ಬರ್ತೀನ್ರಿ’ ಎಂದರೆ ವೇಳಾಪಟ್ಟಿಯ ಒಂದು ಗೆರೆಯನ್ನೂ ಬದಲಿಸಬೇಕಾಗಿಲ್ಲ. ಈ ವರ್ಷದ ಬೋಧನಾಭ್ಯಾಸದಲ್ಲಿ ವಿಜ್ಞಾನದ ಪ್ರತಿ ಪ್ರಶಿಕ್ಷಣಾರ್ಥಿಯೂ ಇಂಥ ಒಂದು ಪಾಠವನ್ನಾದರೂ ಮೈದಾನದಲ್ಲಿ ಮಾಡಲಿ. ಮಾರ್ಗದರ್ಶಕರು ಅದನ್ನು ಉಳಿದ ಪಾಠಗಳಂತೆಯೇ ವೀಕ್ಷಿಸಿ ಅಂಕ ಕೊಡಲಿ.