ಹೋಗಿಬರುವ ಬಳಕೆ

ಯಲ್ಲಾಪುರದ ಕಡೆಯ ಸಿದ್ದಿ ಹುಡುಗನೊಬ್ಬ ಬೆಂಗಳೂರಿನ ಬಸ್ಸಿನಲ್ಲಿ ಕೂತರೆ ಪಕ್ಕದವರು ಕೇಳುವ ಮೊದಲ ಪ್ರಶ್ನೆ, ‘ಯಾವ ದೇಶ?’ ಅವನು ಕನ್ನಡದಲ್ಲಿ ಉತ್ತರ ಕೊಟ್ಟರೆ ಬೆರಗು: ‘ಎಷ್ಟು ಚೆನ್ನಾಗಿ ಕಲಿತಿದ್ದೀರಿ!’ ಹುಟ್ಟಿದೂರಿನ ಮಾತನ್ನು ಆಡಿದ್ದಕ್ಕೆ ನಮ್ಮನ್ನು ಯಾರೂ ಹೊಗಳುವುದಿಲ್ಲ. ಆ ಹೊಗಳಿಕೆಯೇ ಅವನನ್ನು ಹೊಸ್ತಿಲಾಚೆ ನಿಲ್ಲಿಸುತ್ತದೆ.

ಕನ್ನಡ ಬಂದರೆ ಸಾಕು, ನೀನು ನಮ್ಮವನು ಎನ್ನುತ್ತೇವಲ್ಲ, ಆ ಮಾತನ್ನು ಸಿದ್ದಿಗಳ ಬದುಕು ಒರೆಗೆ ಹಚ್ಚುತ್ತದೆ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿಯಾದ ಸಿದ್ದಿಗಳು ಇಂದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳಲ್ಲಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಮನೆಯಲ್ಲಿ ಕೊಂಕಣಿ, ಶಾಲೆ-ಪೇಟೆಗಳಲ್ಲಿ ಕನ್ನಡ. ನಮ್ಮವರಾಗಲು ಇನ್ನೇನು ಬೇಕು?

ಸಿದ್ದಿಗಳ ಮೇಲೆ ಅಕ್ಕರೆಯ ಕೊರತೆ ಇರಲಿಲ್ಲ ಎನ್ನುವವರಿದ್ದಾರೆ. ನಿಜವಿರಬಹುದು. ಅಡಿಕೆ ತೋಟದ ಒಡೆಯನ ಮಗನೂ ಸಿದ್ದಿ ಆಳಿನ ಮಗನೂ ಒಂದೇ ಹಳ್ಳದಲ್ಲಿ ಈಜಿದ್ದಾರೆ. ಆದರೆ ಹಸಿದು ಮನೆಗೆ ಬಂದಾಗ ಒಬ್ಬ ಒಳಗೆ, ಇನ್ನೊಬ್ಬ ಅಂಗಳದಲ್ಲಿ. ಮಲೆನಾಡಿನಲ್ಲಿ ಎರಡು ಮನೆಗಳ ನಂಟನ್ನು ‘ಹೋಗಿಬರುವ ಬಳಕೆ’ ಎನ್ನುತ್ತಾರೆ. ಬರೀ ಬರುವುದಲ್ಲ, ಹೋಗುವುದೂ ಇರಬೇಕು. ಒಂದೇ ದಿಕ್ಕಿಗೆ ನಡೆದ ಅಕ್ಕರೆಯನ್ನು ಸ್ನೇಹ ಎಂದು ಕರೆಯಲು ನನಗೆ ಮನಸ್ಸಿಲ್ಲ, ಅದು ದಯೆ.

1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಟ್ಟಿತು. ಕೆಲವರು ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತು, ಹಲವರು ಊರಿಗೆ ಮರಳಿದರು. ಆ ಯೋಜನೆಗೆ ಬೇಕಾಗಿದ್ದುದು ಆಫ್ರಿಕದ ಮೈಕಟ್ಟು. ಸಿದ್ದಿಗಳ ಡಮಾಮಿ ಕುಣಿತಕ್ಕೆ ನಾವು ತಟ್ಟುವ ಚಪ್ಪಾಳೆಯಲ್ಲೂ ಇದೇ ದೂರವಿದೆ. ಮೆಚ್ಚುವ ಕಣ್ಣಿಗೂ ಹಗೆಯ ಕಣ್ಣಿಗೂ ಮೊದಲು ಕಾಣುವುದು ಬಣ್ಣವೇ. 2016ರಲ್ಲಿ ಬೆಂಗಳೂರಿನಲ್ಲಿ ಸುಡಾನಿನವನೊಬ್ಬ ಮಾಡಿದ ಅಪಘಾತಕ್ಕೆ ಗುಂಪು ಹೊಡೆದದ್ದು ತಾಂಜಾನಿಯದ ಹುಡುಗಿಯನ್ನು.

ಸ್ನೇಹ ಮನಸ್ಸಿನ ವಿಷಯ, ಕಾನೂನಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ಮುಂಗಡ ಹಣ ಪಡೆದು ದುಡಿಯುವವನು ಒಡೆಯನಿಗೆ ‘ಇಲ್ಲ’ ಎನ್ನಲಾರ. ‘ಇಲ್ಲ’ ಎನ್ನಲಾರದವನ ‘ಹೂಂ’ನಲ್ಲಿ ಗೆಳೆತನ ಎಲ್ಲಿಂದ ಬರಬೇಕು? ‘ಇಲ್ಲ’ ಎನ್ನುವ ಬಲವನ್ನು ಕಾನೂನು ಕೊಡಬಲ್ಲದು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಓದು, ನೌಕರಿ, ಕಾಡಿನಂಚಿನ ಜಮೀನಿನ ಹಕ್ಕು ಸಿಕ್ಕಷ್ಟೂ ಸಿದ್ದಿಯೊಬ್ಬ ತನ್ನ ಗೆಳೆಯನನ್ನು ತಾನೇ ಆರಿಸಬಲ್ಲ. ಬೇಡವಾದರೆ ಜಗಳವಾಡಿ ಎದ್ದು ಹೋಗಬಲ್ಲ. ಆ ಜಗಳದ ಹಕ್ಕು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನೆಂಟನಾಗಿ ಬಂದವನು ಬಾಯಿ ಬಿಗಿಹಿಡಿದಿರುತ್ತಾನೆ, ಮನೆಯವನು ಮುನಿಸಿಕೊಳ್ಳುತ್ತಾನೆ.

ಸಿದ್ದಿಗಳನ್ನು ಮದುವೆಗೆ ಕರೆದಿದ್ದೆವು, ಬಂದಿದ್ದರು ಎಂದು ಹೇಳಿಕೊಳ್ಳುವವರನ್ನು ಕಂಡರೆ ಅವರ ಮನೆಯ ಮದುವೆಗೆ ನೀವು ಹೋಗಿದ್ದಿರಾ ಎಂದು ಕೇಳಬೇಕೆನಿಸುತ್ತದೆ. ಉಡುಗೊರೆ ಕಳಿಸಿದಿರೋ, ಪಂಕ್ತಿಯಲ್ಲಿ ಕೂತು ಉಂಡು ಬಂದಿರೋ?