ನಂಬಿಕೆಯ ಜೊತೆಗೆ ವಿಮೆಯೂ ಇರಲಿ

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹೊರವಲಯದ ಹುಣಸೋಡಿನಲ್ಲಿ ಸ್ಫೋಟಕಗಳು ಸಿಡಿದಾಗ ಕಿಲೋಮೀಟರುಗಳಾಚೆಯ ಮನೆಗಳೂ ನಡುಗಿದವು. ಕಿಟಕಿಯ ಗಾಜುಗಳು ಒಡೆದವು, ಗೋಡೆಗಳು ಬಿರುಕು ಬಿಟ್ಟವು. ಊರಿನಲ್ಲಿಲ್ಲದ ಮಾಲೀಕನ ಪರವಾಗಿ ಇಂತಹ ಹೊತ್ತಿನಲ್ಲಿ ಮೊದಲು ಓಡಿ ಬರಬೇಕಾದವರು ಮನೆಯ ಉಸ್ತುವಾರಿ ಹೊತ್ತವರು. ಅವರ ಹೊಣೆ ಎಷ್ಟು, ಅವರಿಗಿರುವ ರಕ್ಷಣೆ ಎಷ್ಟು ಎಂಬುದನ್ನು ನಾವು ಯೋಚಿಸುವುದೇ ಇಲ್ಲ.

ನವುಲೆಯ ಎಂಜಿನಿಯರಿಂಗ್ ಕಾಲೇಜು ಮತ್ತು ಕೃಷಿ ವಿಶ್ವವಿದ್ಯಾಲಯದಿಂದಾಗಿ ಸವಳಂಗ ರಸ್ತೆಯಲ್ಲಿ ಬಾಡಿಗೆ ಮನೆಗಳಿಗೆ ಸದಾ ಬೇಡಿಕೆಯಿದೆ. ಮಾಲೀಕರು ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದರೆ ಬೀಗದ ಕೈ ನಿವೃತ್ತ ನೌಕರರ, ಅಂಗಡಿಯವರ ಅಥವಾ ನೆಂಟರ ಬಳಿ ಇರುತ್ತದೆ. ಬಾಡಿಗೆ ವಸೂಲಿ, ನಲ್ಲಿ ರಿಪೇರಿ, ಗೀಸರ್ ಅಳವಡಿಕೆ ಎಲ್ಲವೂ ಬಾಯಿಮಾತಿನ ಮೇಲೆ ನಡೆಯುತ್ತವೆ. ಈ ನಂಬಿಕೆ ದೊಡ್ಡದು, ನಿಜ. ಆದರೆ ದೋಷಪೂರಿತ ಗ್ಯಾಸ್ ಗೀಸರ್‌ನಿಂದ ವಿದ್ಯಾರ್ಥಿಯೊಬ್ಬನ ಪ್ರಾಣಕ್ಕೇ ಕುತ್ತು ಬಂದರೆ ಹೊಣೆ ಯಾರದು?

1872ರ ಕರಾರು ಕಾಯ್ದೆಯಲ್ಲಿ ಇದಕ್ಕೆ ಸೂತ್ರಗಳಿವೆ. ಒಪ್ಪಿಸಿದ ಅಧಿಕಾರದ ಮಿತಿಯಲ್ಲಿ ಪ್ರತಿನಿಧಿ ಮಾಡಿದ ಕಾನೂನುಬದ್ಧ ಕೆಲಸದಿಂದ ಅವನಿಗಾಗುವ ನಷ್ಟವನ್ನು ಮಾಲೀಕ ತುಂಬಿಕೊಡಬೇಕು (222ನೇ ಕಲಂ). ಪ್ರತಿನಿಧಿಯ ಅಲಕ್ಷ್ಯದ ನೇರ ಪರಿಣಾಮವಾಗಿ ಮಾಲೀಕನಿಗಾಗುವ ನಷ್ಟಕ್ಕೆ ಪ್ರತಿನಿಧಿಯೇ ಹೊಣೆ (212ನೇ ಕಲಂ). ಬರವಣಿಗೆಯೇ ಇಲ್ಲದಿರುವಾಗ ಅಧಿಕಾರದ ಮಿತಿಯನ್ನು ಸಾಬೀತುಪಡಿಸುವುದು ಕಷ್ಟ.

ಮಾಲೀಕ ವಿಮೆ ಮಾಡಿಸಿದ್ದಾನೆಂಬ ಸಮಾಧಾನವೂ ಸಾಲದು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿ, ಸ್ಫೋಟ, ಪ್ರವಾಹಗಳಿಂದ ಮನೆಗಾಗುವ ಹಾನಿಯನ್ನು ಭರಿಸುತ್ತದೆ. ಬಾಡಿಗೆದಾರನ ಗಾಯಕ್ಕೆ ಪರಿಹಾರ ಕೊಡಬೇಕಾಗಿ ಬಂದರೆ ಅದಕ್ಕೆ ಬೇಕಾದದ್ದು ಹೊಣೆಗಾರಿಕೆ ವಿಮೆ; ಅದು ಬೇರೆಯೇ. ಇನ್ನೊಂದು ಸೂಕ್ಷ್ಮವೂ ಇದೆ. ಪರಿಹಾರ ಕೊಟ್ಟ ವಿಮಾ ಕಂಪನಿಯು ಮಾಲೀಕನ ಸ್ಥಾನದಲ್ಲಿ ನಿಂತು, ನಷ್ಟಕ್ಕೆ ಕಾರಣನಾದವನಿಂದ ಹಣ ವಸೂಲಿಗೆ ಮುಂದಾಗಬಹುದು. ಅಂದರೆ ಮಾಲೀಕನ ರಕ್ಷಣೆಗೆಂದು ಮಾಡಿಸಿದ ವಿಮೆಯೇ ಉಸ್ತುವಾರಿಯವನ ಮನೆ ಬಾಗಿಲಿಗೆ ನೋಟಿಸ್ ತಂದೀತು!

ಉಸ್ತುವಾರಿಗೆ ಸಿಗುವುದು ಅಲ್ಪ ಪ್ರತಿಫಲ. ಎಷ್ಟೋ ಕಡೆ ಅದೂ ಇಲ್ಲ. ಅಂಥವರ ತಲೆಯ ಮೇಲೆ ಲಕ್ಷಾಂತರ ರೂಪಾಯಿಯ ಅಪಾಯವನ್ನು ಹೊರಿಸುವುದು ನ್ಯಾಯವಲ್ಲ. ಕಟ್ಟಡ ಮತ್ತು ಹೊಣೆಗಾರಿಕೆ ವಿಮೆಯ ಕಂತನ್ನು ಮಾಲೀಕರೇ ಕಟ್ಟಬೇಕು. ಹೊಣೆಗಾರಿಕೆ ಪಾಲಿಸಿಯಲ್ಲಿ ಉಸ್ತುವಾರಿಯವರ ಹೆಸರನ್ನೂ ಸೇರಿಸಲು ಕೇಳಬೇಕು. ಹಲವು ಮನೆಗಳನ್ನು ವೃತ್ತಿಯಾಗಿ ನಿರ್ವಹಿಸುವವರು ತಮ್ಮ ಅಲಕ್ಷ್ಯಕ್ಕೆ ಪ್ರತ್ಯೇಕ ವಿಮೆ ಮಾಡಿಸಿಕೊಳ್ಳಬೇಕು. ಯಾವ ರಿಪೇರಿಗೆ ಯಾರ ಒಪ್ಪಿಗೆ, ಎಷ್ಟು ಖರ್ಚಿನವರೆಗೆ ಸ್ವಾತಂತ್ರ್ಯ, ಅವಘಡವಾದರೆ ಕಂಪನಿಗೆ ತಿಳಿಸುವವರು ಯಾರು ಎಂಬುದು ಒಂದು ಪುಟದ ಕರಾರಿನಲ್ಲಿರಲಿ.

ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಆಸ್ತಿ ನಿರ್ವಾಹಕರನ್ನು ಗುರುತಿಸಿ ಅವರ ಕರ್ತವ್ಯಗಳನ್ನು ಹೇಳಿದೆ. ಕರ್ತವ್ಯ ಹೇಳಿದ ಮೇಲೆ ರಕ್ಷಣೆಯ ಮಾತೂ ಬರಬೇಕು. ಶಾಸನ ಬರಲೆಂದು ಕಾಯಬೇಕಿಲ್ಲ. ಬೀಗದ ಕೈ ಒಪ್ಪಿಸುವ ದಿನವೇ ವಿಮಾ ಪತ್ರದ ಪ್ರತಿಯೊಂದನ್ನೂ ಒಪ್ಪಿಸಿದರೆ ನಂಬಿಕೆಗೆ ಕುಂದು ಬಾರದು. ಅದು ಇನ್ನಷ್ಟು ಗಟ್ಟಿಯಾದೀತು.