ಉತ್ತರ ಬಂತು, ಲೆಕ್ಕ ಎಲ್ಲಿ?

ಯಲಹಂಕದ ಕಡೆ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಮೊನ್ನೆ ಆರ್.ಟಿ. ನಗರದ ನಮ್ಮ ಮನೆಗೆ ಬಂದವನು ಲ್ಯಾಪ್‌ಟಾಪ್ ತೆರೆದು ಒಂದು ಒಗಟು ತೋರಿಸಿದ. ಎರಡು ಮೂರಂಕಿ ಸಂಖ್ಯೆಗಳನ್ನು ಗುಣಿಸಿ ಪಡೆಯಬಹುದಾದ ಅತಿ ದೊಡ್ಡ ಪ್ಯಾಲಿಂಡ್ರೋಮ್ ಯಾವುದು? ಅಂದರೆ, ನಮ್ಮ ‘ವಿಕಟಕವಿ’ಯ ಹಾಗೆ ಹಿಂದಿನಿಂದ ಓದಿದರೂ ಅದೇ ಆಗಿರುವ ಸಂಖ್ಯೆ. ಪ್ರಾಜೆಕ್ಟ್ ಆಯ್ಲರ್ ಸರಣಿಯ ನಾಲ್ಕನೆಯ ಪ್ರಶ್ನೆಯಂತೆ. ಅವನ ಪೈಥಾನ್ ಪ್ರೋಗ್ರಾಂ ಕ್ಷಣದಲ್ಲಿ ಹೇಳಿತು: 913 × 993 = 906609.

“ಇದೇ ಯಾಕೆ?” ಎಂದೆ.

“ಬಂತಲ್ಲ ಮಾವ!”

ನನ್ನ ಜಗಳ ಇರುವುದು ಈ ‘ಬಂತಲ್ಲ’ದ ಜೊತೆ. 100ರಿಂದ 999ರವರೆಗಿನ ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಿ 8,10,000 ಜೋಡಿಗಳನ್ನು ಜಾಲಾಡಿಸುವುದು ಯಂತ್ರಕ್ಕೆ ಕೂಲಿ ಕೆಲಸ. ಅದನ್ನು ಒಗಟು ಬಿಡಿಸುವುದು ಅನ್ನಬೇಡಿ. ಪ್ರಾಸ ಎಣಿಸಿ ಕವಿತೆ ಓದಿದೆ ಎನ್ನುವವರೂ ಇದೇ ಜಾತಿ.

ಒಂದು ಹಾಳೆ ತೆಗೆದುಕೊಳ್ಳಿ. ಆರಂಕಿಯ ಪ್ಯಾಲಿಂಡ್ರೋಮಿನಲ್ಲಿ ಮೊದಲ ಅಂಕಿ ಲಕ್ಷದ ಸ್ಥಾನದಲ್ಲೂ ಬಿಡಿ ಸ್ಥಾನದಲ್ಲೂ ಕೂತಿರುತ್ತದೆ, ಅದರ ತೂಕ 100001. ಎರಡನೆಯದರದು 10010, ಮೂರನೆಯದರದು 1100. ಮೂರೂ 11ರಿಂದ ಭಾಗವಾಗುತ್ತವೆ! 11 ಅವಿಭಾಜ್ಯವಾದ್ದರಿಂದ, ಗುಣಿಸುವ ಎರಡರಲ್ಲಿ ಒಂದು 11ರ ಗುಣಕವಾಗಿರಲೇಬೇಕು. ಮೂರಂಕಿಯಲ್ಲಿ ಅಂಥವು 81 ಮಾತ್ರ. 913 ಎಂದರೆ 11 × 83 ತಾನೆ? ಇನ್ನೂ ಬೇಕೆಂದರೆ 999999ರಿಂದ ಪ್ಯಾಲಿಂಡ್ರೋಮುಗಳನ್ನೇ ಹಿಡಿದು ಕೆಳಗಿಳಿಯಿರಿ. 906609 ಸಿಗುವುದು 94ನೆಯದಾಗಿ.

ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ 142857143ನ್ನು 7ರಿಂದ ಗುಣಿಸಲು ಹೇಳುತ್ತಾನೆ. ಉತ್ತರ 1000000001, ಅರಸನ ಕೊರಳಿಗೆ ತಕ್ಕ ಹಾರ. 1ನ್ನು 7ರಿಂದ ಭಾಗಿಸಿದರೆ 142857 ಮತ್ತೆಮತ್ತೆ ಬರುವುದನ್ನು ಬಲ್ಲವನಿಗಲ್ಲದೆ ಈ ಹಾರ ಹೊಳೆದೀತೆ? ಅದನ್ನೂ ಪದ್ಯದಲ್ಲಿ ಬರೆದ, ಮಹಾರಾಯ.

“ಸಂದರ್ಶನದಲ್ಲಿ ಇದನ್ನೆಲ್ಲ ಯಾರು ಕೇಳ್ತಾರೆ ಮಾವ? ಯಂತ್ರಕ್ಕೆ ಎರಡು ದಾರಿಯೂ ಒಂದೇ.”

ಮೂರಂಕಿಗೆ ಒಂದೇ, ಒಪ್ಪಿದೆ. ಆರಂಕಿ ಸಂಖ್ಯೆಗಳಿಗೆ ಇದೇ ಪ್ರೋಗ್ರಾಂ ಓಡಿಸು ಎಂದೆ. ಜೋಡಿಗಳು ಈಗ 81,000 ಕೋಟಿ. ರಾತ್ರಿ ಓಡಿಸಿ ಮಲಗಿದ. ಬೆಳಿಗ್ಗೆ ನಾನು ಕಾಫಿ ಹಿಡಿದು ಬಂದರೆ ಲ್ಯಾಪ್‌ಟಾಪಿನ ಫ್ಯಾನು ಇನ್ನೂ ಗುಂಯ್‌ಗುಡುತ್ತಿತ್ತು. ಪಕ್ಕದಲ್ಲಿ ಅವನು, ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ, ಹನ್ನೆರಡಂಕಿಯ ಪ್ಯಾಲಿಂಡ್ರೋಮೂ 11ರಿಂದ ಭಾಗವಾಗುತ್ತದೆಯೇ ಎಂದು ನೋಡುತ್ತಿದ್ದ.